ಕೊನೆಯ ಮೂರಡಿ

ಗಾಲ್ಫ್ ಆಟದಲ್ಲಿ ಒಂದು ವಿಚಿತ್ರವಾದ ನ್ಯಾಯವಿದೆ. ಮೈಯಲ್ಲಿರುವ ಬಲವನ್ನೆಲ್ಲ ಒಟ್ಟುಗೂಡಿಸಿ ಚೆಂಡನ್ನು 200 ಮೀಟರ್ ದೂರ ಹಾರಿಸಿದರೂ ಲೆಕ್ಕಕ್ಕೆ ಒಂದು ಹೊಡೆತ. ಗುಳಿಯ ಅಂಚಿನಲ್ಲಿ ನಿಂತ ಚೆಂಡನ್ನು ಗೇಣುದ್ದ ಸರಿಸಿದರೂ ಲೆಕ್ಕಕ್ಕೆ ಒಂದೇ ಹೊಡೆತ. ಸಂತೆಯಲ್ಲಿ ತೆಂಗಿನಕಾಯಿಗೂ ಕಡಲೆಕಾಳಿಗೂ ಒಂದೇ ಬೆಲೆ ಕಟ್ಟಿದ ಹಾಗೆ! ಮೊದಲ ಸಲ ಕೇಳಿದವರಿಗೆ ಇದು ಅನ್ಯಾಯವೆಂದೇ ತೋರುತ್ತದೆ. ಆದರೆ ವಯಸ್ಸಾದವರಿಗೂ ಮಕ್ಕಳಿಗೂ ಈ ಆಟದಲ್ಲಿ ಒಂದು ಜಾಗ ಉಳಿದಿರುವುದು ಈ ವಿಚಿತ್ರ ನ್ಯಾಯದಿಂದಲೇ.

ಈ ಆಟವನ್ನು ನೋಡಿರದ ಮಕ್ಕಳಿಗಾಗಿ ಎರಡು ಮಾತು. ಗಾಲ್ಫ್ ಮೈದಾನದಲ್ಲಿ ಸಾಮಾನ್ಯವಾಗಿ 18 ಗುಳಿಗಳಿರುತ್ತವೆ. ಪ್ರತಿ ಗುಳಿಗೂ ದೂರದ ಒಂದು ಜಾಗದಿಂದ ಆಟ ಶುರು. ಅಲ್ಲಿಂದ ಚೆಂಡನ್ನು ಹೊಡೆಯುತ್ತ ಹೊಡೆಯುತ್ತ ಸಾಗಿ, ಕೊನೆಗೆ ಗುಳಿಯೊಳಗೆ ಬೀಳಿಸಬೇಕು. ಕ್ರಿಕೆಟ್‌ನಲ್ಲಿ ಹೆಚ್ಚು ರನ್ ಮಾಡಿದವರು ಗೆದ್ದರೆ, ಇಲ್ಲಿ ಕಡಿಮೆ ಹೊಡೆತಗಳಲ್ಲಿ ಮುಗಿಸಿದವರು ಗೆಲ್ಲುತ್ತಾರೆ. ಗುಳಿಯ ಸುತ್ತ ಹುಲ್ಲನ್ನು ಜಮಖಾನದಂತೆ ನುಣ್ಣಗೆ ಕತ್ತರಿಸಿರುತ್ತಾರೆ; ಅದಕ್ಕೆ ಗ್ರೀನ್ ಎಂದು ಹೆಸರು. ಗ್ರೀನ್ ಮೇಲೆ ಚೆಂಡನ್ನು ಹಾರಿಸುವುದಿಲ್ಲ, ಉರುಳಿಸುತ್ತಾರೆ. ಹಾಗೆ ಉರುಳಿಸುವ ಹೊಡೆತವೇ ಪಟ್. ಅದಕ್ಕೆ ಬಳಸುವ, ಚಪ್ಪಟೆ ಮುಖದ ಕೋಲೇ ಪಟರ್. ಹಳೆಯ ಆಟಗಳು ನೆನಪಿರುವ ಅಜ್ಜಂದಿರಿಗೆ ಒಂದೇ ಮಾತಿನಲ್ಲಿ ಹೇಳಬಹುದು: ಗಾಲ್ಫ್‌ನ ಮೊದಲರ್ಧ ಚಿನ್ನಿದಾಂಡು, ಕೊನೆಯರ್ಧ ಗೋಲಿಯಾಟ.

ಕೊನೆಯರ್ಧ ಎಂದದ್ದು ಮಾತಿಗಲ್ಲ. ಒಳ್ಳೆಯ ಆಟಗಾರ 18 ಗುಳಿಗಳನ್ನು ಎಷ್ಟು ಹೊಡೆತಗಳಲ್ಲಿ ಮುಗಿಸಬೇಕು ಎಂಬುದಕ್ಕೆ ಒಂದು ಲೆಕ್ಕವಿದೆ, ಅದಕ್ಕೆ ಪಾರ್ ಎನ್ನುತ್ತಾರೆ. ಅನೇಕ ಮೈದಾನಗಳಲ್ಲಿ ಪಾರ್ 72. ಈ ಲೆಕ್ಕ ಹಾಕುವಾಗ ಪ್ರತಿ ಗುಳಿಗೂ ಎರಡು ಪಟ್‌ಗಳೆಂದು ಇಟ್ಟಿರುತ್ತಾರೆ. 18 ಗುಳಿಗೆ ಎರಡೆರಡು ಎಂದರೆ 36. ಅಂದರೆ 72ರ ಸರಿಯಾಗಿ ಅರ್ಧ!

ನನಗೀಗ 69 ವರ್ಷ. ಮೈಸೂರಿನಲ್ಲಿ, ಚಾಮುಂಡಿ ಬೆಟ್ಟ ಕಣ್ಣಿಗೆ ಬೀಳುವ ಮೈದಾನದಲ್ಲಿ, ಹನ್ನೊಂದು ವರ್ಷಗಳಿಂದ ವಾರಕ್ಕೆ ಎರಡು ದಿನ ಆಡುತ್ತಿದ್ದೇನೆ. ಎರಡು ವರ್ಷದ ಹಿಂದೆ ಬಲಗಾಲಿನ ಮಂಡಿಗೆ ಶಸ್ತ್ರಚಿಕಿತ್ಸೆಯಾಯಿತು. ಡಾಕ್ಟರು ಆಡಬಹುದು ಎಂದರು, ಆದರೆ ಸೊಂಟ ತಿರುಗಿಸಿ ಜೋರಾಗಿ ಹೊಡೆಯುವ ಕಾಲ ಮುಗಿಯಿತು. ಮೊದಲು 180 ಮೀಟರ್ ಹೋಗುತ್ತಿದ್ದ ಚೆಂಡು ಈಗ 130 ಮೀಟರಿಗೆ ಸುಸ್ತಾಗಿ ಕೂರುತ್ತದೆ. ನನ್ನ ಲೆಕ್ಕದ ಪುಸ್ತಕದಲ್ಲಿ 97 ಇದ್ದದ್ದು 101 ಆಯಿತು, ಆಮೇಲೆ 106. ಈ ಆಟದಲ್ಲಿ ಅಂಕ ಏರುವುದೆಂದರೆ ಜ್ವರ ಏರಿದ ಹಾಗೆ. ಪುಸ್ತಕ ಮುಚ್ಚಿಟ್ಟು, ಕೋಲುಗಳ ಚೀಲವನ್ನು ಯಾರಿಗಾದರೂ ಕೊಟ್ಟುಬಿಡೋಣವೆಂದು ಮನೆಯಲ್ಲಿ ಮಾತೂ ಆಗಿತ್ತು.

ಆಗ ನಮ್ಮ ಮೈದಾನದ ಮೇಷ್ಟ್ರು ಒಂದು ಪ್ರಶ್ನೆ ಕೇಳಿದರು. ಅವರು ಹುಡುಗರಾಗಿದ್ದಾಗ ಬೇರೆಯವರ ಚೀಲ ಹೊರುವ ಕ್ಯಾಡಿಯಾಗಿದ್ದವರು. ನೋಡಿ ನೋಡಿಯೇ ಆಟ ಕಲಿತು, ಈಗ ಕಲಿಸುತ್ತಾರೆ. “ಸಾರ್, 106ರಲ್ಲಿ ಪಟ್ ಎಷ್ಟು?” ಎಂದರು. ಒಟ್ಟು ಎಷ್ಟೆಂದು ಎಲ್ಲರೂ ಬರೆದಿಡುತ್ತಾರೆ, ಪಟ್‌ಗಳನ್ನು ಬೇರೆಯಾಗಿ ಬರೆದಿಡುವವರು ಕಡಿಮೆ. ಮುಂದಿನ ಮೂರು ಆಟಗಳಲ್ಲಿ ಎಣಿಸಿದೆವು. 41, 43, 40. ಮೇಷ್ಟ್ರು ಕಾಗದದ ಮೇಲೆ 36 ಎಂದು ಬರೆದು ಕೆಳಗೊಂದು ಗೆರೆ ಎಳೆದರು. “ಇಲ್ಲಿ ಐದಾರು ಹೊಡೆತ ಕೂತಿವೆ ಸಾರ್. ಇದನ್ನು ತೆಗೆಯೋಕೆ ಮಂಡಿ ಬೇಕಾಗಿಲ್ಲ” ಎಂದರು.

ಆ ಮಾತು ಕೇಳಿದಾಗ ನನ್ನ ನೀರಿನ ಬಾಟಲಿ ಹಿಡಿದು ಪಕ್ಕದಲ್ಲೇ ನಿಂತಿದ್ದವಳು ನನ್ನ ಮೊಮ್ಮಗಳು. ಏಳನೇ ತರಗತಿ, 12 ವರ್ಷ. “ಹಾಗಾದರೆ ನಾನೂ ಮಾಡಬಹುದಲ್ವಾ? ನನಗೂ ಶಕ್ತಿ ಇಲ್ಲ” ಎಂದಳು. ಹೀಗೆ ಒಬ್ಬನ ಜೊತೆಗೆ ಇನ್ನೊಬ್ಬಳಿಗೂ ಪಾಠ ಶುರುವಾಯಿತು.

ಮೊದಲ ಪಾಠ ನಿಲ್ಲುವುದು. ಚೆಂಡು ಕಣ್ಣಿನ ನೇರ ಕೆಳಗಿರಬೇಕು, ಇಲ್ಲವೇ ಕೂದಲೆಳೆಯಷ್ಟು ಹೊರಗೆ. ಮಣಿಕಟ್ಟು ಕುಣಿಯಬಾರದು, ಎರಡೂ ತೋಳು, ಎರಡೂ ಭುಜ ಒಟ್ಟಿಗೆ ಗಡಿಯಾರದ ಲೋಲಕದಂತೆ ಹಿಂದೆ ಹೋಗಿ ಮುಂದೆ ಬರಬೇಕು. ಹಿಂದಕ್ಕೆ ಎಷ್ಟೋ ಮುಂದಕ್ಕೂ ಅಷ್ಟೇ. ಚೆಂಡು ಹೊರಡುವ ದಿಕ್ಕನ್ನು ಬಹುಪಾಲು ತೀರ್ಮಾನಿಸುವುದು ಪಟರ್‌ನ ಮುಖ ಆ ಗಳಿಗೆಯಲ್ಲಿ ಯಾವ ಕಡೆ ನೋಡುತ್ತಿದೆ ಎಂಬುದು. ಆದ್ದರಿಂದ ಚೆಂಡಿನ ಮುಂದೆ ಎರಡು ಮರದ ಕಡ್ಡಿಗಳನ್ನು ಬಾಗಿಲಿನಂತೆ ನೆಟ್ಟು, ನಡುವೆ ಚೆಂಡು ಮುಟ್ಟದೆ ಹೋಗುವ ಹಾಗೆ ಉರುಳಿಸುವ ಅಭ್ಯಾಸ. ಕಡ್ಡಿಗೆ ತಾಗಿದರೆ ಮುಖ ತಿರುಗಿದೆ ಎಂದೇ ಅರ್ಥ. ಬೈಯಲು ಮೇಷ್ಟ್ರೇ ಬೇಕಾಗಿಲ್ಲ, ಕಡ್ಡಿಯೇ ಹೇಳುತ್ತದೆ.

ನನ್ನ ವಯಸ್ಸಿನವರಿಗೆ ಇಲ್ಲೊಂದು ಉಪಯುಕ್ತ ಮಾತು. ಎರಡು ಪವರ್ ಇರುವ ಕನ್ನಡಕ ಹಾಕಿಕೊಂಡು ತಲೆ ಬಗ್ಗಿಸಿದರೆ, ಕಾಲ ಬಳಿಯ ಚೆಂಡನ್ನು ನಾವು ಓದುವ ಗಾಜಿನಲ್ಲಿ ನೋಡುತ್ತೇವೆ. ಆ ಗಾಜು ಕೈಯಲ್ಲಿ ಹಿಡಿದ ಪತ್ರಿಕೆಗೆ ಮಾಡಿದ್ದು, ಚೆಂಡಿಗಲ್ಲ. ಚೆಂಡು ಮಸುಕಾಗುತ್ತದೆ, ಅಂಚು ಒಡೆದಂತೆ ಕಾಣುತ್ತದೆ. ದೂರದೃಷ್ಟಿಯ ಒಂದೇ ಪವರ್‌ನ ಬೇರೆ ಕನ್ನಡಕ ಮಾಡಿಸಿಕೊಂಡೆ. ಚೆಂಡು ಗುಂಡಗಾಯಿತು!

ಎರಡನೆಯ ಪಾಠ ಅಳತೆ. ಮೊಮ್ಮಗಳಿಗೆ ಇದೇ ಹೆಚ್ಚು ಹಿಡಿಸಿತು. ಜಗತ್ತಿನ ಯಾವ ಮೈದಾನದಲ್ಲೂ ಗುಳಿಯ ಅಗಲ 108 ಮಿಲಿಮೀಟರ್. ಚೆಂಡಿನ ಅಗಲ 42.67 ಮಿಲಿಮೀಟರಿಗೆ ಕಡಿಮೆ ಇರಬಾರದು, ತೂಕ 45.93 ಗ್ರಾಂ ಮೀರಬಾರದು. ಭಾಗಿಸಿ ನೋಡಿ: ಗುಳಿಯ ಬಾಯಲ್ಲಿ ಎರಡೂವರೆ ಚೆಂಡು ಹಿಡಿಸುತ್ತದೆ. ಇನ್ನು ಕೋನಮಾಪಕ ತೆಗೆದುಕೊಳ್ಳಿ. ಸಮತಟ್ಟಾದ ನೆಲದಲ್ಲಿ 3 ಅಡಿ ದೂರದಿಂದ ಉರುಳಿಸುವಾಗ ಗುಳಿಯ ನಡುಬಿಂದುವಿನಿಂದ ಎಡಕ್ಕೋ ಬಲಕ್ಕೋ ಸುಮಾರು ಮೂರೂವರೆ ಡಿಗ್ರಿ ತಪ್ಪಿದರೂ ಚೆಂಡಿನ ನಡುಭಾಗ ಗುಳಿಯ ಮೇಲೆಯೇ ಹಾಯುತ್ತದೆ. 10 ಅಡಿಯಾದರೆ ಈ ರಿಯಾಯಿತಿ ಒಂದೇ ಡಿಗ್ರಿ. 30 ಅಡಿಯಾದರೆ ಒಂದು ಡಿಗ್ರಿಯ ಮೂರನೇ ಒಂದು ಪಾಲು. ಅವಳು ಗಣಿತದ ಪುಸ್ತಕದ ಕೊನೆಯ ಹಾಳೆಯಲ್ಲಿ ಮೂರು ತ್ರಿಕೋನ ಬರೆದು, “ತಾತ, ದೂರ ಆದಷ್ಟೂ ಗುಳಿ ಚಿಕ್ಕದಾಗುತ್ತೆ” ಎಂದಳು.

ಮೂರನೆಯದು ವೇಗ. ಇದನ್ನು ಗೋಲಿಯಾಡಿದವರು ಬೇಗ ಹಿಡಿಯುತ್ತಾರೆ. ರಭಸದಿಂದ ಬಂದ ಗೋಲಿ ಗುಂಡಿಯ ಮೇಲೆ ಹಾರಿ ಹೋಗುತ್ತಿತ್ತಲ್ಲ, ಅದೇ ಇಲ್ಲೂ. ಗುಳಿಯ ಬಾಯನ್ನು ದಾಟುವಷ್ಟರಲ್ಲಿ ಚೆಂಡು ತನ್ನ ಅರ್ಧದಷ್ಟಾದರೂ ಕೆಳಗಿಳಿದಿರಬೇಕು, ಆಗ ಎದುರಿನ ಅಂಚಿಗೆ ಬಡಿದು ಒಳಗೆ ಬೀಳುತ್ತದೆ. ವೇಗ ಹೆಚ್ಚಿದ್ದರೆ ಇಳಿಯಲು ಸಮಯವಿಲ್ಲ. ಜೋರಾಗಿ ಬಂದ ಚೆಂಡಿಗೆ ಗುಳಿಯ ನಟ್ಟನಡುವೆ ಮಾತ್ರ ಬಾಗಿಲು ತೆರೆದಿರುತ್ತದೆ. ಮೆಲ್ಲಗೆ ಬಂದ ಚೆಂಡಿಗೆ ಇಡೀ ಬಾಯಿ ತೆರೆದಿರುತ್ತದೆ. ಹಾಗೆಂದು ತೀರಾ ಮೆಲ್ಲಗೆ ಹೊಡೆದರೆ ಗುಳಿಯನ್ನೇ ಮುಟ್ಟುವುದಿಲ್ಲ. ಅಮೆರಿಕದ ಡೇವ್ ಪೆಲ್ಜ್ ಎಂಬವರು ನಾಸಾದಲ್ಲಿ ವಿಜ್ಞಾನಿಯಾಗಿದ್ದವರು. ಆ ಕೆಲಸ ಬಿಟ್ಟು ಪಟ್‌ನ ಅಧ್ಯಯನಕ್ಕೇ ಕುಳಿತರು. ಗುಳಿ ತಪ್ಪಿದರೆ ಸುಮಾರು 17 ಅಂಗುಲ ಮುಂದೆ ಹೋಗಿ ನಿಲ್ಲುವಷ್ಟು ವೇಗ ಒಳ್ಳೆಯದು ಎಂಬುದು ಅವರು ಕಂಡುಕೊಂಡ ಲೆಕ್ಕ. ನಮ್ಮ ಮೇಷ್ಟ್ರು ಅದನ್ನೇ ತಮ್ಮ ಭಾಷೆಯಲ್ಲಿ ಹೇಳುತ್ತಾರೆ: “ಒಂದು ಮೊಳಕ್ಕಿಂತ ಮುಂದೆ ಹೋಗಬಾರದು, ಗುಳಿಗಿಂತ ಹಿಂದೆ ನಿಲ್ಲಬಾರದು.”

ದೂರದ ಪಟ್‌ಗೆ ಗುರಿಯೇ ಬೇರೆ. 30 ಅಡಿಯಿಂದ ಗುಳಿಗೆ ಬೀಳಿಸುತ್ತೇನೆಂದು ಹೊರಟರೆ ನಿರಾಸೆಯೇ ಹೆಚ್ಚು. ಗುಳಿಯ ಸುತ್ತ ದೊಡ್ಡ ಮೊರದಷ್ಟು ಅಗಲದ ಜಾಗವನ್ನು ಮನಸ್ಸಿನಲ್ಲಿ ಬರೆದುಕೊಂಡು, ಚೆಂಡು ಆ ಮೊರದೊಳಗೆ ನಿಂತರೆ ಸಾಕು ಎಂದು ಉರುಳಿಸಬೇಕು. ನನ್ನ 41ನ್ನು ಬಿಡಿಸಿ ನೋಡಿದಾಗ, ಒಂದೇ ಗುಳಿಗೆ ಮೂರು ಪಟ್ ತೆಗೆದುಕೊಂಡದ್ದು ಏಳು ಕಡೆ. ಏಳೂ ಕಡೆ ಮೊದಲ ಪಟ್ ಬಹಳ ದೂರದ್ದು; ದಿಕ್ಕು ಸರಿಯಿತ್ತು, ಒಂದೋ ಆರಡಿ ಹಿಂದೆ ನಿಂತಿತ್ತು, ಇಲ್ಲವೇ ಆರಡಿ ಮುಂದೆ. ಹಾಗಾಗಿ ಅಭ್ಯಾಸದ ಅರ್ಧ ಹೊತ್ತು ಬರೀ ದೂರ ಅಳೆಯುವುದಕ್ಕೆ ಮೀಸಲಾಯಿತು. 10, 20, 30 ಅಡಿಗೆ ಒಂದೊಂದು ಗುರುತಿಟ್ಟು, ಏಣಿ ಹತ್ತಿದಂತೆ ಒಂದರ ನಂತರ ಒಂದಕ್ಕೆ ಚೆಂಡು ಮುಟ್ಟಿಸುವುದು, ಮತ್ತೆ ಇಳಿಯುವುದು.

ಇಳಿಜಾರು ನೋಡುವುದನ್ನು ಹೇಳಿಕೊಟ್ಟವರು ಕ್ಯಾಡಿಗಳು. ಮಳೆ ನೀರು ಈ ಗ್ರೀನ್ ಮೇಲೆ ಬಿದ್ದರೆ ಎತ್ತ ಹರಿದುಹೋಗುತ್ತದೆ ಎಂದು ಯೋಚಿಸಿ, ಚೆಂಡೂ ಅತ್ತಲೇ ವಾಲುತ್ತದೆ ಎಂದರು. ವೇಗ ಕುಗ್ಗಿದಂತೆ ವಾಲುವುದು ಜಾಸ್ತಿ. ಆದ್ದರಿಂದ ಗುಳಿಯ ಬಳಿಯ ಇಳಿಜಾರನ್ನೇ ಹೆಚ್ಚು ನೋಡಬೇಕು. ಬೆಳಗಿನ ಇಬ್ಬನಿಯಲ್ಲಿ ಚೆಂಡು ನಿಧಾನ, ಮಧ್ಯಾಹ್ನ ಒಣಗಿದ ಹುಲ್ಲಿನ ಮೇಲೆ ವೇಗ. ಇದನ್ನೆಲ್ಲ ಅವರು ಯಾವ ಪುಸ್ತಕದಲ್ಲೂ ಓದಿಲ್ಲ, ಕಾಲಿನಲ್ಲಿ ನಡೆದು ಕಲಿತಿದ್ದಾರೆ.

ಕ್ಯಾಡಿಯೊಬ್ಬ ಗುರುವಾಗುವುದು ಈ ಆಟದಲ್ಲಿ ಹೊಸದಲ್ಲ. ಅಮೆರಿಕದ ಟೆಕ್ಸಾಸ್‌ನ ಹಾರ್ವಿ ಪೆನಿಕ್ ಚಿಕ್ಕ ಹುಡುಗನಾಗಿದ್ದಾಗಲೇ ಕ್ಯಾಡಿಯಾಗಿ ಸೇರಿ, ಮುಂದೆ ಹೆಸರಾಂತ ಶಿಕ್ಷಕರಾದರು. ಪಾಠ ಮಾಡುವಾಗ ಹೊಳೆದದ್ದನ್ನು ಹತ್ತಾರು ವರ್ಷ ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಂಡಿದ್ದರು; ಅದು 1992ರಲ್ಲಿ ಪ್ರಕಟವಾಗಿ ಅಪಾರವಾಗಿ ಮಾರಾಟವಾಯಿತು. 1995ರಲ್ಲಿ, ಹಾಸಿಗೆ ಹಿಡಿದು ಏಳಲಾರದ ಸ್ಥಿತಿಯಲ್ಲಿದ್ದಾಗ ಅವರ ಶಿಷ್ಯ ಬೆನ್ ಕ್ರೆನ್‌ಶಾ ನೋಡಲು ಬಂದರು. ಪಟರ್ ತರಿಸಿ, ಮಲಗಿದ್ದಲ್ಲಿಂದಲೇ ಪೆನಿಕ್ ಶಿಷ್ಯನಿಗೆ ಪಟ್‌ನ ಪಾಠ ಹೇಳಿದರು. ಅದೇ ಕೊನೆಯ ಪಾಠ. ಏಪ್ರಿಲ್ 2ರಂದು ಗುರು ತೀರಿಕೊಂಡರು. ಅವರ ಶವಪೆಟ್ಟಿಗೆಗೆ ಹೆಗಲು ಕೊಟ್ಟ ಕ್ರೆನ್‌ಶಾ, ಏಪ್ರಿಲ್ 9ರಂದು, 43ನೇ ವಯಸ್ಸಿನಲ್ಲಿ, ಮಾಸ್ಟರ್ಸ್ ಪಂದ್ಯಾವಳಿ ಗೆದ್ದು ಅಲ್ಲೇ ಗ್ರೀನ್ ಮೇಲೆ ತಲೆ ಬಗ್ಗಿಸಿ ಅತ್ತರು.

ನಮ್ಮ ಮನೆಗೆ ಇನ್ನೂ ಹತ್ತಿರದ ಹೆಸರು ಬೆಂಗಳೂರಿನ ಅದಿತಿ ಅಶೋಕ್. ಚಿಕ್ಕಂದಿನಲ್ಲಿ ಅಪ್ಪ ಅಮ್ಮನ ಜೊತೆ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ ಮೈದಾನಕ್ಕೆ ಹೋಗಿ ಆಟ ಶುರುಮಾಡಿದ ಹುಡುಗಿ, 2016ರ ರಿಯೊ ಒಲಿಂಪಿಕ್ಸ್‌ನಲ್ಲಿ 18ನೇ ವಯಸ್ಸಿಗೇ ಆಡಿದಳು. ಟೋಕಿಯೊ ಒಲಿಂಪಿಕ್ಸ್ ನಡೆದ 2021ರಲ್ಲಿ ಪಂದ್ಯಕ್ಕೆ ಸ್ವಲ್ಪ ಮೊದಲು ಕೋವಿಡ್ ಬಂದು, ಹೊಡೆತದ ದೂರ ಇನ್ನಷ್ಟು ಕುಗ್ಗಿತ್ತು. ಆಕೆಯ ಚೀಲ ಹೊತ್ತವರು ಸ್ವಂತ ತಾಯಿ. ಉಳಿದವರು ಚೆಂಡನ್ನು ಆಕೆಗಿಂತ ಎಷ್ಟೋ ಮುಂದೆ ಹಾರಿಸುತ್ತಿದ್ದರು. ಗ್ರೀನ್ ಮೇಲೆ ಬಂದಾಗ ಆಕೆ ಸಮ ಮಾಡುತ್ತಿದ್ದಳು. ನಾಲ್ಕು ದಿನಗಳ ಆಟದ ಕೊನೆಗೆ ಪಾರ್‌ಗಿಂತ 15 ಕಡಿಮೆ ಹೊಡೆತಗಳಲ್ಲಿ ಮುಗಿಸಿ ನಾಲ್ಕನೆಯವಳಾದಳು. ಕಂಚಿನ ಪದಕಕ್ಕೂ ಆಕೆಗೂ ನಡುವೆ ಇದ್ದದ್ದು ಒಂದೇ ಹೊಡೆತ. ಆಗಸ್ಟ್ 7ರ ಆ ಬೆಳಿಗ್ಗೆ, ಆಗ ಎಂಟು ವರ್ಷದವಳಾಗಿದ್ದ ಮೊಮ್ಮಗಳು ಟೀವಿ ಮುಂದೆ ಹಲ್ಲುಜ್ಜದೆ ಕೂತಿದ್ದಳು. ಕೊನೆಯ ಗುಳಿಯಲ್ಲಿ ಅದಿತಿಯ ಪಟ್ ಸ್ವಲ್ಪದರಲ್ಲಿ ತಪ್ಪಿದಾಗ ಮನೆಯೆಲ್ಲ ಅಯ್ಯೋ ಎಂದಿತ್ತು.

ಅಂಥ ಅಯ್ಯೋ ಒಂದು ನಮ್ಮ ಪಾಲಿಗೂ ಬಂತು. ಪಾಠ ಶುರುವಾಗಿ ನಾಲ್ಕು ತಿಂಗಳಾಗಿತ್ತು. ಮಕ್ಕಳಿಗಾಗಿ ಒಂಬತ್ತು ಗುಳಿಗಳ ಸ್ಪರ್ಧೆ. ಮೊಮ್ಮಗಳು ಚೆನ್ನಾಗಿಯೇ ಆಡಿ ಕೊನೆಯ ಗುಳಿಗೆ ಬಂದಳು. ಉಳಿದದ್ದು ಮೂರಡಿ. ಅದನ್ನು ಹಾಕಿದರೆ ಮೂರನೇ ಸ್ಥಾನ, ಒಂದು ಪುಟ್ಟ ಬಟ್ಟಲು. ಸುತ್ತ ಅಪ್ಪ ಅಮ್ಮಂದಿರು, ಮೊಬೈಲ್ ಫೋನುಗಳು. ಚೆಂಡು ಗುಳಿಯ ಬಲ ಅಂಚನ್ನು ಸವರಿ, ಒಂದು ಸುತ್ತು ಸುತ್ತಿ ಹೊರಗೆ ಬಂತು. ಅವಳು ಅಲ್ಲಿ ಅಳಲಿಲ್ಲ. ಕಾರಿನ ಬಾಗಿಲು ಹಾಕಿದ ಮೇಲೆ ಅತ್ತಳು. ಮುಂದಿನ ಎರಡು ಶನಿವಾರ ಮೈದಾನಕ್ಕೆ ಬರಲಿಲ್ಲ. ಹೋಂವರ್ಕ್ ಇದೆ ಎಂದಳು.

ಮನೆಯಲ್ಲಿ ಯಾರೂ ಬುದ್ಧಿ ಹೇಳಲು ಹೋಗಲಿಲ್ಲ. ಮೇಷ್ಟ್ರು ಮಾತ್ರ ನನ್ನ ಕೈಯಲ್ಲಿ ಒಂದು ಚೀಟಿ ಕೊಟ್ಟು ಕಳಿಸಿದರು. ಅಮೆರಿಕದ ವೃತ್ತಿಪರ ಆಟಗಾರರು, ಅಂದರೆ ಇದನ್ನೇ ಹೊಟ್ಟೆಪಾಡು ಮಾಡಿಕೊಂಡಿರುವ ಜಗತ್ತಿನ ಅತ್ಯುತ್ತಮರು, ಎಷ್ಟು ದೂರದಿಂದ ನೂರಕ್ಕೆ ಎಷ್ಟು ಪಟ್ ಹಾಕುತ್ತಾರೆ ಎಂಬ ಲೆಕ್ಕ ಅದರಲ್ಲಿತ್ತು. 20 ಅಡಿಯಿಂದ ಸುಮಾರು 15. 8 ಅಡಿಯಿಂದ ಸುಮಾರು 50. 3 ಅಡಿಯಿಂದ ಸುಮಾರು 96. ಕೆಳಗೆ ಕನ್ನಡದಲ್ಲಿ ಒಂದು ಸಾಲು: “ಉಳಿದ ನಾಲ್ಕು ಯಾರದು?”

ಅವಳು ಚೀಟಿಯನ್ನು ಓದಿ ಏನೂ ಹೇಳಲಿಲ್ಲ. ಊಟದ ಹೊತ್ತಿಗೆ, “8 ಅಡಿಯಿಂದ ಅವರೂ ಅರ್ಧ ಮಿಸ್ ಮಾಡ್ತಾರಾ?” ಎಂದು ಕೇಳಿದಳು. ಹೌದು ಎಂದೆ. “ದುಡ್ಡು ತಗೊಂಡೂ?” ಎಂದಳು. ಅವಳ ಅಜ್ಜಿ ಸಾರು ಬಡಿಸುವುದನ್ನು ನಿಲ್ಲಿಸಿ ನಕ್ಕುಬಿಟ್ಟಳು.

ಮುಂದಿನ ಶನಿವಾರ ಅವಳೇ ಮೊದಲು ಕಾರಿನಲ್ಲಿ ಕೂತಿದ್ದಳು. ಮೇಷ್ಟ್ರು ಗುಳಿಯ ಸುತ್ತ ಮೂರಡಿ ದೂರದಲ್ಲಿ, ಗಡಿಯಾರದ ಅಂಕಿಗಳಂತೆ ಹತ್ತು ಚೆಂಡುಗಳನ್ನಿಟ್ಟರು. ಹತ್ತನ್ನೂ ಸಾಲಾಗಿ ಹಾಕಿ ಮನೆಗೆ ಹೋಗಬೇಕು. ಒಂದು ತಪ್ಪಿದರೂ ಮೊದಲಿನಿಂದ. ಈ ಅಭ್ಯಾಸದ ಗುಟ್ಟು ಇರುವುದು ಕೊನೆಯ ಎರಡು ಚೆಂಡುಗಳಲ್ಲಿ. ಮೊದಲ ಎಂಟು ಕೈಯ ಅಭ್ಯಾಸ, ಒಂಬತ್ತು ಮತ್ತು ಹತ್ತು ಎದೆಯ ಅಭ್ಯಾಸ. ಆ ಸಂಜೆ ಒಮ್ಮೆ ಆರಕ್ಕೆ ತಪ್ಪಿತು, ಒಮ್ಮೆ ನಾಲ್ಕಕ್ಕೆ, ಒಮ್ಮೆ ಒಂಬತ್ತು ಬಿದ್ದು ಹತ್ತನೆಯದು ತಪ್ಪಿತು. ಬೆಟ್ಟದ ದೀಪಗಳು ಹತ್ತಿಕೊಂಡವು. ನನಗೆ ಹಸಿವು, ಸಾಕು ಬಾ ಎನ್ನುವ ಮಾತು ತುಟಿಯವರೆಗೆ ಬಂದಿತ್ತು. ಮೇಷ್ಟ್ರು ಕಣ್ಣಿನಲ್ಲೇ ತಡೆದರು. ಅವಳು ಮತ್ತೆ ಚೆಂಡು ಜೋಡಿಸಿದಳು. ಪ್ರತಿ ಸಲವೂ ಅದೇ ಕ್ರಮ: ಹಿಂದಿನಿಂದ ನೋಡು, ಒಂದು ಸಲ ಗಾಳಿಯಲ್ಲಿ ತೂಗು, ನಿಲ್ಲು, ಉರುಳಿಸು. ಹೊಡೆದ ಮೇಲೆ ತಲೆ ಎತ್ತಿ ನೋಡುವ ಹಾಗಿಲ್ಲ. ಬಿದ್ದ ಸದ್ದನ್ನು ಕಿವಿಯಿಂದ ಕೇಳಬೇಕು. ಕತ್ತಲಲ್ಲಿ ಅದು ಸುಲಭವೇ ಆಯಿತು. ಹತ್ತು ಸಲ ಟಕ್ ಎಂದಿತು.

ಆಮೇಲಿನ ಸ್ಪರ್ಧೆಯಲ್ಲಿ ಅವಳು ಹನ್ನೊಂದನೆಯವಳಾದಳು. ದೊಡ್ಡ ಮಕ್ಕಳಿದ್ದರು, ದೂರ ಹೊಡೆಯುವವರಿದ್ದರು. ಆದರೆ ಅವಳ ಪುಸ್ತಕದಲ್ಲಿ ‘ಮೂರು ಪಟ್’ ಎಂಬ ಕಾಲಂನಲ್ಲಿ ಆ ದಿನ ಸೊನ್ನೆ ಇತ್ತು. ಅದರ ಸುತ್ತ ಕೆಂಪು ಶಾಯಿಯಲ್ಲಿ ಒಂದು ವೃತ್ತ ಬರೆದುಕೊಂಡಿದ್ದಾಳೆ.

ನನ್ನ ಪುಸ್ತಕವನ್ನೂ ಹೇಳಿಬಿಡುತ್ತೇನೆ. ಆರು ತಿಂಗಳ ನಂತರ ಪಟ್‌ಗಳು 34ಕ್ಕೆ ಇಳಿದವು, ಒಟ್ಟು ಅಂಕ 106ರಿಂದ 98ಕ್ಕೆ ಬಂತು. ಹನಿಗೂಡಿದರೆ ಹಳ್ಳ ಎಂಬ ಗಾದೆಯನ್ನು ಇಲ್ಲಿ ತಿರುಗಿಸಿ ಹೇಳಬೇಕು. ಹನಿ ಹನಿ ಕಳೆದೇ ಹಳ್ಳ ಇಳಿಯಿತು.

ಪಟ್ ಒಂದೇ ಸಾಕು ಎಂದು ಮಾತ್ರ ಯಾರೂ ತಿಳಿಯಬಾರದು. ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರೊಫೆಸರ್ ಮಾರ್ಕ್ ಬ್ರಾಡಿ ಲಕ್ಷಾಂತರ ಹೊಡೆತಗಳ ಲೆಕ್ಕ ಹಾಕಿ 2014ರಲ್ಲಿ ಪುಸ್ತಕ ಬರೆದಿದ್ದಾರೆ. ಒಳ್ಳೆಯ ಆಟಗಾರರಿಗೂ ಸಾಧಾರಣ ಆಟಗಾರರಿಗೂ ಇರುವ ಅಂತರದಲ್ಲಿ ಸುಮಾರು ಮೂರನೇ ಎರಡು ಪಾಲು ದೂರದ ಹೊಡೆತಗಳಿಂದ ಬರುತ್ತದೆ ಎಂದು ಅವರು ತೋರಿಸಿದ್ದಾರೆ. ಬೆಳೆಯುವ ಮಕ್ಕಳು ದೂರ ಹೊಡೆಯುವುದನ್ನೂ ಚೆನ್ನಾಗಿ ಕಲಿಯಲೇಬೇಕು. ಆದರೆ ಆ ಬಾಗಿಲು ನನಗೆ ಮುಚ್ಚುತ್ತಿದೆ, ಅವಳಿಗೆ ಇನ್ನೂ ಪೂರ್ತಿ ತೆರೆದಿಲ್ಲ. ಇಬ್ಬರಿಗೂ ಈಗ ಪೂರ್ತಿ ತೆರೆದಿರುವ ಬಾಗಿಲು ಪಟ್ ಒಂದೇ.

ಗಾಲ್ಫ್ ದುಬಾರಿ ಆಟ, ಎಲ್ಲರ ಕೈಗೆಟುಕುವುದಿಲ್ಲ ಎಂಬುದು ನಿಜ. ಆದರೆ ಪಟ್ ಆಡಲು ಮೈದಾನವೇ ಬೇಕಿಲ್ಲ. ಒಂದು ಹಳೆಯ ಪಟರ್ ಸಿಕ್ಕರೆ ಸರಿ, ಇಲ್ಲದಿದ್ದರೆ ಮಕ್ಕಳ ಹಾಕಿ ಸ್ಟಿಕ್ ಆದೀತು. ಜಮಖಾನ ಹಾಸಿ, ಕೊನೆಯಲ್ಲೊಂದು ಲೋಟ ಅಡ್ಡ ಮಲಗಿಸಿ. ಲೋಟದ ಬಾಯಿ ಗುಳಿಗಿಂತ ಚಿಕ್ಕದು. ಅಲ್ಲಿ ಅಭ್ಯಾಸವಾದರೆ ಮೈದಾನದ ಗುಳಿ ಬಾವಿಯಂತೆ ಕಾಣುತ್ತದೆ. ಮೂರಡಿಯಿಂದ ಹತ್ತು ಸಲ, ತಪ್ಪಿದರೆ ಮೊದಲಿನಿಂದ. ಅಜ್ಜ ಮೊಮ್ಮಗು ಸರದಿಯಂತೆ ಆಡಿ, ಗೋಡೆಯ ಕ್ಯಾಲೆಂಡರ್ ಮೇಲೆ ಅಂಕ ಬರೆದಿಡಿ.

ವಯಸ್ಸಿನ ರಿಯಾಯಿತಿ ಯಾರಿಗೂ ಕೊಡದೆ, ತಾತ ಮೊಮ್ಮಕ್ಕಳು ಸಮನಾಗಿ ಆಡುವ ಆಟಗಳು ಬಹಳ ಇಲ್ಲ. ಚೌಕಾಬಾರ, ಅಳಗುಳಿಮಣೆ, ಚದುರಂಗ ಎಂದು ಬೆರಳಲ್ಲಿ ಎಣಿಸಬಹುದು. ಓಡುವ, ಎಸೆಯುವ ಆಟಗಳಲ್ಲಿ ಮೊದಲು ನಾವು ಅವರಿಗಾಗಿ ನಿಧಾನಿಸುತ್ತೇವೆ, ಆಮೇಲೆ ಅವರು ನಮಗಾಗಿ ನಿಧಾನಿಸುತ್ತಾರೆ. ಸಮನಾಗಿರುವ ಗಳಿಗೆ ನಡುವೆ ಎಲ್ಲೋ ಜಾರಿಹೋಗುತ್ತದೆ. ಹೋದ ತಿಂಗಳು ಅವಳ ಮೊದಲ ಹೊಡೆತ ನನ್ನ ಚೆಂಡಿನ ಪಕ್ಕದಲ್ಲೇ ಬಂದು ನಿಂತಿತು. ಮುಂದಿನ ವರ್ಷ ಅದು ನನ್ನನ್ನು ದಾಟಿ ಹೋಗುತ್ತದೆ, ಹೋಗಲೇಬೇಕು. ಗ್ರೀನ್ ಮೇಲೆ ಮಾತ್ರ ನನಗೆ ಇನ್ನೂ ಕೆಲವು ವರ್ಷಗಳ ಅವಕಾಶವಿದೆ. ಕಳೆದ ಶನಿವಾರದ ಲೆಕ್ಕ: ಅವಳು 33, ನಾನು 34. ಈ ಶನಿವಾರ ಮಳೆ ಬಾರದಿದ್ದರೆ ಸಾಕು.